ಹಡಗು ಹತ್ತಿದ ಅಳತೆ ಟೇಪು

ನಾನು ದರ್ಜಿಯ ಅಳತೆ ಟೇಪು. ಗಟ್ಟಿ ನೂಲಿನ ಪಟ್ಟಿಗೆ ಹಳದಿ ಲೇಪ ಬಳಿದು, ಒಣಗಿಸಿ, ಒಂದು ಮೈಗೆ ಅರವತ್ತು ಇಂಚಿನ ಗೆರೆಗಳನ್ನೂ ಇನ್ನೊಂದು ಮೈಗೆ ಸೆಂಟಿಮೀಟರಿನ ಗೆರೆಗಳನ್ನೂ ಹೊಡೆದು, ಎರಡೂ ತುದಿಗೆ ಹಿತ್ತಾಳೆಯ ತಗಡು ಒತ್ತಿದ ದಿನವೇ ನಾನು ಹುಟ್ಟಿದ ದಿನ. ಯಾವ ಊರಿನ ಕಾರ್ಖಾನೆಯೋ ನೆನಪಿಲ್ಲ. ಕಣ್ಣು ಬಿಟ್ಟದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯೊಂದರಲ್ಲಿ, ಗುಂಡಿ ಮತ್ತು ದಾರದ ಡಬ್ಬಿಗಳ ನಡುವೆ.

ನನ್ನನ್ನು ಮೊದಲು ಕೊಂಡವರು ಹುಸೇನಸಾಬ ಮಾಸ್ತರು. ಕೋಟು, ಪ್ಯಾಂಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಅವರ ಬಳಿ ಕಟಿಂಗ್ ಕಲಿಯಲು ಕಸ್ತೂರಿ ಎಂಬ ಹೆಣ್ಣುಮಗಳು ಬರುತ್ತಿದ್ದಳು. ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಗುರುಪಾದಪ್ಪನ ಹೆಂಡತಿ. ಮಾಸ್ತರು ಕಣ್ಣಿಗೆ ಪೊರೆ ಬಂದು ಕೆಲಸ ನಿಲ್ಲಿಸಿದಾಗ ನನ್ನನ್ನು ಅವಳ ಕೈಗೆ ಹಾಕಿದರು.

"ತಂಗೀ, ಇದನ್ನ ನೀ ಇಟ್ಕೋ. ನನ್ನ ಕಣ್ಣಿಗೆ ಈಗ ಗೆರಿ ಕಾಣವಲ್ವು."

ಅಂದಿನಿಂದ ಇಪ್ಪತ್ತೆಂಟು ವರ್ಷ ನಾನು ಕಸ್ತೂರಿಯ ಕೊರಳಲ್ಲಿದ್ದೆ. ಕೇಶ್ವಾಪುರದ ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುಮಗಳ ರವಿಕೆ, ಬಸುರಿಯ ನೈಟಿ, ಶಾಲೆಯ ಸಮವಸ್ತ್ರ, ಎಲ್ಲವೂ ನನ್ನ ಮೇಲೆ ಹಾದು ಹೋದವು. ಕೊರಳಲ್ಲಿ ತೂಗುವವರಿಗೆ ಒಡೆಯರ ಮುಖ ಕೆಳಗಿನಿಂದ ಕಾಣುತ್ತದೆ. ಕಸ್ತೂರಿಯ ಗದ್ದ ನೋಡಿಯೇ ಅವಳ ಮನಸ್ಸು ಹೇಳಬಲ್ಲೆ. ಚಿಂತೆಯಿದ್ದಾಗ ಅದು ಕಲ್ಲಿನಂತೆ ಬಿಗಿದಿರುತ್ತದೆ.

ಗುರುಪಾದಪ್ಪ ನಿವೃತ್ತನಾದ. ರೇಲ್ವೆ ಪಾಸಿನ ಮೇಲೆ ಅವರು ರಾಮೇಶ್ವರದಿಂದ ಜಮ್ಮುವಿನವರೆಗೆ ಸುತ್ತಿದ್ದರು. ಒಂದು ಯುಗಾದಿಯ ದಿನ ಬೇವುಬೆಲ್ಲ ತಿನ್ನುತ್ತ ಆತ ಹೇಳಿದ, "ಹಳಿ ಇದ್ದಲ್ಲೆಲ್ಲಾ ಹೋಗಿ ಬಂದ್ವಿ ಕಸ್ತೂರಿ. ಹಳಿ ಇಲ್ಲದ ಕಡೆ ಒಮ್ಮೆ ಹೋಗೂಣು. ಹಡಗು ಹತ್ತೂಣು."

ಅಲ್ಲೇ ಕೂತಿದ್ದ ಮೊಮ್ಮಗಳು ಚಿನ್ಮಯಿ ಬಿಡಲಿಲ್ಲ. ಅವಳಿಗೆ ಏಳು ವರ್ಷ. ಗೆಳತಿಯೊಬ್ಬಳು ಸಿಂಗಪುರದ ಥೀಮ್ ಪಾರ್ಕಿಗೆ ಹೋಗಿ ಬಂದು, ತಲೆಕೆಳಗಾಗಿ ಓಡುವ ರೋಲರ್ ಕೋಸ್ಟರಿನ ಕತೆ ಹೇಳಿದ್ದಳು. "ಅಜ್ಜಾ, ಹಡಗು ಬ್ಯಾಡ, ಪಾರ್ಕು!" ಎಂದು ಕಾಲು ಕುಣಿಸಿದಳು.

ಚಿನ್ಮಯಿಯ ತಾಯಿ, ಕಸ್ತೂರಿಯ ಮಗಳು ಸುನಂದಾ ಹೈಸ್ಕೂಲಿನ ಶಿಕ್ಷಕಿ, ನವನಗರದಲ್ಲಿ ಮನೆ. ಅವಳ ಗಂಡನಿಗೆ ಬ್ಯಾಂಕಿನಲ್ಲಿ ರಜೆ ಸಿಗುವುದು ಕಷ್ಟ. ಸುನಂದಾ ಟ್ರಾವೆಲ್ ಏಜೆಂಟಳ ಬಳಿ ವಿಚಾರಿಸಿ ಬಂದಳು. ಸಿಂಗಪುರದಿಂದಲೇ ಮೂರು ರಾತ್ರಿಯ ಹಡಗು ಹೊರಡುತ್ತದೆ, ಪಾರ್ಕೂ ಅಲ್ಲೇ ಇದೆ, ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದು ಎಂದು ಗೊತ್ತಾಯಿತು. ನಾಲ್ಕು ಜನ ಹೋಗುವುದೆಂದು ಠರಾವಾಯಿತು. ಆದರೆ ಮೊದಲು ಹಡಗೋ, ಮೊದಲು ಪಾರ್ಕೋ? ಒಂದು ವಾರ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

"ಹಡಗು ಮೊದಲು," ಎಂದ ಗುರುಪಾದಪ್ಪ. "ವಯಸ್ಸಾದವರದ್ದು ಮೊದಲು ಆಗ್ಬೇಕು."

ಕಸ್ತೂರಿ ರವಿಕೆಯ ಕೈ ಕತ್ತರಿಸುತ್ತಲೇ ತೀರ್ಪು ಕೊಟ್ಟಳು. "ಪಾರ್ಕಿನ್ಯಾಗ ನಡದು ನಡದು ಕಾಲು ಸೋಲತಾವು. ಆಮ್ಯಾಲೆ ಹಡಗಿನ್ಯಾಗ ಕುಂತು ದಣಿವು ಆರಿಸ್ಕೊಳ್ಳೂಣು. ವಿಮಾನ ತಡ ಆದ್ರೂ ಹಡಗು ತಪ್ಪೂದಿಲ್ಲ."

ಅದು ಎಲ್ಲರಿಗೂ ಒಪ್ಪಿಗೆಯಾಯಿತು. ತೊಡಕು ಬಂದದ್ದು ಪಾರ್ಕಿನ ನಿಯಮದಲ್ಲಿ. ಚಿನ್ಮಯಿ ಕನಸು ಕಂಡ ಆ ಒಂದು ಆಟಕ್ಕೆ ಮಗು ನೂರಿಪ್ಪತ್ತೆರಡು ಸೆಂಟಿಮೀಟರ್ ಇರಲೇಬೇಕು. ಕಸ್ತೂರಿ ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನನ್ನನ್ನು ಇಳಿಬಿಟ್ಟಳು. ನೂರಾ ಹದಿನೆಂಟು.

"ಅಜ್ಜಿ, ನೀ ಟೇಪು ಸಡ್ಲ ಹಿಡಿ."

"ಹಿಮ್ಮಡ ಕೆಳಗ ಇಡು ಮೊದಲ."

ಮುಂದಿನ ವರ್ಷದ ಬೇಸಿಗೆ ರಜೆಯ ಹೊತ್ತಿಗೆ ಹುಡುಗಿ ಬೆಳೆದಿರುತ್ತಾಳೆ ಎಂದು ಪ್ರವಾಸವನ್ನು ಅಲ್ಲಿಗೆ ಇಟ್ಟರು. ಮನೆಗೆ ಬಂದಾಗಲೆಲ್ಲ ಚಿನ್ಮಯಿ ಕಿಟಕಿಯ ಸರಳಿಗೆ ಜೋತು ಬೀಳುವುದು, ನನ್ನನ್ನು ಕಿತ್ತುಕೊಂಡು ಅಳೆಯಲು ಹೇಳುವುದು ನಡೆಯಿತು.

ಹಡಗಿನ ಕೋಣೆ ಎಷ್ಟಿರುತ್ತದೆಂದು ಏಜೆಂಟಳು ಬರೆದುಕೊಟ್ಟಿದ್ದಳು. ನಾಲ್ಕು ಜನ ಅಷ್ಟರಲ್ಲಿ ಹಿಡಿಯುವುದು ಹೇಗೆ ಎಂದು ಕಸ್ತೂರಿಗೆ ಅನುಮಾನ. ಒಂದು ರವಿವಾರ ಪಡಸಾಲೆಯ ಸಾಮಾನನ್ನೆಲ್ಲ ಸರಿಸಿ, ನನ್ನನ್ನು ನೆಲಕ್ಕೆ ಹಾಸಿ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಕೋಣೆಯನ್ನು ಬರೆದೇಬಿಟ್ಟಳು. ಇಲ್ಲಿ ಬಾಗಿಲು, ಇಲ್ಲಿ ಬಚ್ಚಲು, ಇಲ್ಲಿ ಎರಡು ಮಂಚ. ಉಳಿದ ಎರಡು ಮಂಚ ಗೋಡೆಯಿಂದ ಕೆಳಗೆ ಇಳಿಯುತ್ತವೆ.

"ಅಂದ್ರ ನಮ್ಮ ಸ್ಲೀಪರ್ ಬರ್ತ್ ಇದ್ದಂಗ!" ಎಂದು ಗುರುಪಾದಪ್ಪ ಹಿಗ್ಗಿ ಗೆರೆಯೊಳಗೆ ಮಲಗಿದ. ಚಿನ್ಮಯಿ ಪಕ್ಕದಲ್ಲಿ ಮಲಗಿದಳು. ಸುನಂದಾ ಚಹಾ ತಂದವಳು ಗೆರೆ ದಾಟಿ ಬಂದಾಗ, "ಬಾಗಿಲಿಂದ ಬಾ, ಗೋಡಿ ಒಡದು ಬರಬ್ಯಾಡ," ಎಂದು ಇಬ್ಬರೂ ಗದರಿದರು.

ಆತ ಮಲಗಿದ್ದಾಗ ಅಂಗಿ ಹೊಟ್ಟೆಯ ಮೇಲೆ ಕುಸಿದಿತ್ತು. ಕಸ್ತೂರಿ ಅದನ್ನು ಒಂದು ಗಳಿಗೆ ನೋಡಿದಳು. ನಾನು ಅವಳ ಗದ್ದ ನೋಡಿದೆ.

ಜುಲೈ ತಿಂಗಳಲ್ಲಿ ಆತನ ಪ್ರವಾಸದ ಪ್ಯಾಂಟು ಹೊಲಿಯಲು ಕೂತಳು. ಯುಗಾದಿಗೆ ಹೊಸ ಪ್ಯಾಂಟು ಹೊಲಿದಾಗ ನಡ ಮೂವತ್ತಾರು ಇಂಚು ಇತ್ತು. ಈಗ ಮೂವತ್ತನಾಲ್ಕು.

"ದಿನಾ ನಡ್ಯಾಕತ್ತೇನಲ್ಲ, ಅದಕ್ಕ," ಎಂದ ಗುರುಪಾದಪ್ಪ. ಪಾರ್ಕಿನಲ್ಲಿ ಸುತ್ತಲು ಕಾಲು ಗಟ್ಟಿಯಾಗಲೆಂದು ಆತ ಮುಂಜಾನೆ ಎರಡು ಮೈಲು ನಡೆಯುತ್ತಿದ್ದುದು ನಿಜ. ಕಸ್ತೂರಿ ಮೂವತ್ತನಾಲ್ಕಕ್ಕೇ ಬಟ್ಟೆ ಕತ್ತರಿಸಿದಳು. ಆದರೆ ಆಗಸ್ಟಿನ ಒಂದು ಮಧ್ಯಾಹ್ನ ಆತ ಊಟ ಮಾಡಿ ಮಲಗಿದ್ದಾಗ, ನನ್ನನ್ನು ಮೆಲ್ಲಗೆ ಆತನ ನಡದ ಕೆಳಗೆ ತೂರಿಸಿ ಸುತ್ತಿದಳು. ಮೂವತ್ತಮೂರು. ಇನ್ನೊಮ್ಮೆ ಅಳೆದಳು. ನಾನು ಅದನ್ನೇ ಹೇಳಿದೆ. ನನಗೆ ಬೇರೆ ಹೇಳಲು ಬರುವುದಿಲ್ಲ.

ಆತ ಕಣ್ಣು ಮುಚ್ಚಿಕೊಂಡೇ ಕೇಳಿದ, "ಎಷ್ಟಾತು?"

ಕಸ್ತೂರಿ ಬೆಚ್ಚಿದಳು. "ಎಚ್ಚರ ಇದ್ರೇನು?"

"ಬೆಲ್ಟಿಗೆ ನಾನೂ ಎರಡು ಹೊಸ ತೂತು ಹಾಕ್ಕೊಂಡೇನಿ. ನಿನಗ ತಿಳಿದ್ರ ಹಡಗು ರದ್ದು ಮಾಡ್ತಿ ಅಂತ ಹೇಳಲಿಲ್ಲ."

"ಮೊದಲ ಡಾಕ್ಟರ್ ಕಡೆ ನಡೀರಿ. ಹಡಗಿನ ಮಾತು ಆಮ್ಯಾಲೆ."

ಡಾಕ್ಟರ್ ಕೋಣೆಯಲ್ಲಿ ನಾನು ಅವಳ ಕೈಚೀಲದೊಳಗೆ ಇದ್ದೆ. ಕೇಳಿದ್ದಷ್ಟು ಹೇಳುತ್ತೇನೆ. ಬಲಗಡೆಯ ಮೂತ್ರಪಿಂಡದಲ್ಲಿ ಗಡ್ಡೆ ಇತ್ತು. ನಿಧಾನವಾಗಿ ಬೆಳೆಯುವ ಜಾತಿ. ಆ ಮೂತ್ರಪಿಂಡವನ್ನು ತೆಗೆಯಬೇಕು. ದೀಪಾವಳಿಯ ಮರುವಾರ ದಿನ ಕೊಟ್ಟರು.

"ಅದಕ್ಕೂ ಮೊದಲ ಒಂದು ವಾರ ಪ್ರವಾಸ ಮಾಡಬಹುದೇನ್ರಿ?" ಎಂದು ಕಸ್ತೂರಿ ಕೇಳಿದಳು.

ಡಾಕ್ಟರ್ ಕಾಗದ ತಿರುವಿದ ಸದ್ದಾಯಿತು. "ಈಗಿನ ಸ್ಥಿತಿಯೊಳಗ ಹೋಗಿ ಬರಬಹುದು. ಭಾರ ಎತ್ತಬಾರದು, ಬಿಸಿಲಿಗೆ ಅಡ್ಡಾಡಬಾರದು. ಆಪರೇಷನ್ ಆದಮ್ಯಾಲೆ ಯಾವಾಗ ಹೋಗಬಹುದು ಅನ್ನೋದನ್ನ ಮಾತ್ರ ನಾ ಈಗ ಹೇಳಾಕ ಬರೂದಿಲ್ಲ."

ಅಂದೇ ಸಂಜೆ ಸುನಂದಾ ತಾರೀಖು ಬದಲಿಸಲು ಓಡಿದಳು. ಬೇಸಿಗೆಯ ಪ್ರವಾಸ ದಸರಾ ರಜೆಗೆ ಬಂತು. ಪಾಸ್‌ಪೋರ್ಟುಗಳು ಕೈಯಲ್ಲಿದ್ದವು. ಉಳಿದದ್ದು ಒಂದೇ ಮಾತು, ಅದನ್ನು ಚಿನ್ಮಯಿಗೆ ಹೇಳುವುದು.

ಹೊರಡುವ ಹಿಂದಿನ ವಾರ ಕಸ್ತೂರಿ ಅವಳನ್ನು ಚೌಕಟ್ಟಿಗೆ ನಿಲ್ಲಿಸಿದಳು. ನೂರಿಪ್ಪತ್ತೂವರೆ. ಒಂದೂವರೆ ಸೆಂಟಿಮೀಟರ್ ಕಡಿಮೆ.

"ಈ ಸಲ ಆ ಒಂದು ಆಟ ಇಲ್ಲವ್ವಾ. ಉಳಿದದ್ದೆಲ್ಲಾ ಆಡು."

"ಬ್ಯಾಸಗಿಗೆ ಹೋಗೂಣು ಅಂದಿದ್ದಿ. ಅಷ್ಟರಾಗ ನಾ ಬೆಳೀತಿದ್ನಿ."

"ಹೌದು, ಬೆಳೀತಿದ್ದಿ."

ಹುಡುಗಿ ಒಳಗೆ ನೋಡಿದಳು. ಗುರುಪಾದಪ್ಪ ಕುರ್ಚಿಯಲ್ಲಿ ಕೂತು ಹೊಸ ಪ್ಯಾಂಟಿನ ಜೇಬುಗಳನ್ನು ಪರೀಕ್ಷಿಸುತ್ತಿದ್ದ. "ಅಜ್ಜಗ ಆರಾಮ ಇಲ್ಲ, ಹೌದಿಲ್ಲೋ?" ಎಂದು ಕೇಳಿದಳು. ಕಸ್ತೂರಿ ತಲೆಯಾಡಿಸಿದಳು. ಚಿನ್ಮಯಿ ಅತ್ತಳು, ಆದರೆ ಹಿತ್ತಿಲಿಗೆ ಹೋಗಿ, ಅಜ್ಜನಿಗೆ ಕೇಳದಂತೆ ಅತ್ತಳು.

ಪ್ರವಾಸಕ್ಕೆ ನಾನೂ ಹೋದೆ. ಯಾರೂ ಕರೆದುಕೊಂಡು ಹೋಗಲಿಲ್ಲ. ಕೈಚೀಲದ ತಳದಲ್ಲಿ ಸೂಜಿಯಿಲ್ಲದ ದಾರದ ಉಂಡೆಯ ಜೊತೆ ಉಳಿದುಬಿಟ್ಟಿದ್ದೆ. ಹಡಗಿನೊಳಗೆ ಮನೆಯ ಊಟ ಬಿಡುವುದಿಲ್ಲವೆಂದು ತಿಳಿದಿದ್ದರಿಂದ, ಒಯ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ಮೊದಲ ದಿನವೇ ಹೋಟೆಲಿನಲ್ಲಿ ಖಾಲಿ ಮಾಡಿದರು.

ಪಾರ್ಕಿನಲ್ಲಿ ಕಸ್ತೂರಿ ಗಂಡನನ್ನು ನೆರಳಿನಿಂದ ನೆರಳಿಗೆ ನಡೆಸಿದಳು. ಚಿನ್ಮಯಿ ಸಣ್ಣ ಆಟಗಳನ್ನೆಲ್ಲ ಆಡಿದಳು. ಆ ದೊಡ್ಡ ಆಟದ ಬಳಿ ಬಂದಾಗ ಮಾತ್ರ ಬೇರೆ ಕಡೆ ಮುಖ ಮಾಡಿ ನಡೆದಳು. ಬಾಗಿಲ ಬಳಿ ಎತ್ತರ ನೋಡುವ ಕಂಬವಿತ್ತು. ಅಲ್ಲಿ ನಿಂತಿದ್ದ ಸಮವಸ್ತ್ರದ ಹುಡುಗಿ ಇವಳನ್ನು ಕೈಬೀಸಿ ಕರೆದಳು. ಚಿನ್ಮಯಿ ತಲೆ ಅಲ್ಲಾಡಿಸಿದಳು. ಆಕೆ ನಗುತ್ತ ಮತ್ತೆ ಕರೆದಳು.

"ಹೋಗಿ ನಿಂತರ ನೋಡು," ಎಂದಳು ಸುನಂದಾ.

ಚಿನ್ಮಯಿ ಹೋಗಿ ನಿಂತಳು. ತಲೆ ಅಡ್ಡಪಟ್ಟಿಗೆ ತಾಗಿತು. ಆಕೆ ಹೆಬ್ಬೆರಳು ಎತ್ತಿ ಒಳಗೆ ಹೋಗು ಎಂದಳು.

ಕಸ್ತೂರಿ ನಂಬಲಿಲ್ಲ. ಅಷ್ಟು ಜನರ ನಡುವೆ ನನ್ನನ್ನು ಹೊರಗೆಳೆದು ಮೊಮ್ಮಗಳ ತಲೆಯಿಂದ ಇಳಿಬಿಟ್ಟಳು. ನೂರಿಪ್ಪತ್ತೂವರೆ. ಆ ಹುಡುಗಿ ಕುತೂಹಲದಿಂದ ಒಳಗೆ ಹೋಗಿ ಉಕ್ಕಿನ ಟೇಪು ತಂದಳು. ಅದು ನೂರಿಪ್ಪತ್ತೆರಡು ತೋರಿಸಿತು. ಇಬ್ಬರೂ ನಮ್ಮನ್ನು ಅಕ್ಕಪಕ್ಕ ಹಿಡಿದರು. ನಾನು ಮುಕ್ಕಾಲು ಇಂಚು ಉದ್ದವಾಗಿದ್ದೆ.

ಇಷ್ಟು ವರ್ಷ ಎಳೆಸಿಕೊಂಡು ಎಳೆಸಿಕೊಂಡು ನನ್ನ ನೂಲು ಹಿಗ್ಗಿತ್ತು. ಯಾರಿಗೂ ತಿಳಿದಿರಲಿಲ್ಲ, ನನಗೂ. ಮೈಯನ್ನೂ ನನ್ನಿಂದಲೇ ಅಳೆದು ಬಟ್ಟೆಯನ್ನೂ ನನ್ನಿಂದಲೇ ಕತ್ತರಿಸಿದರೆ ತಪ್ಪು ಎಲ್ಲೂ ಕಾಣುವುದಿಲ್ಲ. ರವಿಕೆಗಳೆಲ್ಲ ಸರಿಯಾಗಿಯೇ ಕೂತಿದ್ದವು.

ತಾಯಿ ಮಗಳು ಕೂಗುತ್ತ ಒಳಗೆ ಓಡಿದರು. ಬೆಂಚಿನ ಮೇಲೆ ಗುರುಪಾದಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಊರ ಮಂದಿಗೆಲ್ಲಾ ಅಳತಿ ತಗೊಂಡಾಕಿ ಟೇಪೇ ಸುಳ್ಳು ನೋಡು!" ನಗು ನಿಂತ ಮೇಲೆ ಮೆಲ್ಲಗೆ ಕೇಳಿದ, "ಹಂಗಾದ್ರ ನನ್ನ ನಡಾನೂ ಮೂವತ್ತಮೂರು ಅಲ್ಲ, ಅಲ್ಲೇನು?"

ನಾನು ಅವಳ ಮುಷ್ಟಿಯಲ್ಲಿದ್ದೆ. ಲೆಕ್ಕ ಅವಳಿಗೆ ಗೊತ್ತಿತ್ತು. ಯುಗಾದಿಯ ಮೂವತ್ತಾರನ್ನು ಹೇಳಿದ್ದೂ ನಾನೇ. ಎರಡರಲ್ಲೂ ಅದೇ ತಪ್ಪು, ಹಾಗಾಗಿ ಆತನ ಮೈಯಿಂದ ಇಳಿದ ಮೂರು ಇಂಚು ಸುಳ್ಳಾಗುವುದಿಲ್ಲ.

"ಹೌದ್ರಿ," ಎಂದಳು ಕಸ್ತೂರಿ. "ಅದೂ ತಪ್ಪೇ ಇರಬೇಕು."

ಹಡಗಿನಲ್ಲಿ ಗುರುಪಾದಪ್ಪ ಎಂಜಿನ್ ಕೋಣೆ ನೋಡಬೇಕೆಂದು ಸಿಕ್ಕವರನ್ನೆಲ್ಲ ಕೇಳಿದ. ಪ್ರಯಾಣಿಕರನ್ನು ಅಲ್ಲಿಗೆ ಬಿಡುವುದಿಲ್ಲ. ಆತ ಬೇಸರ ಮಾಡಿಕೊಳ್ಳಲಿಲ್ಲ. ಕೆಳಗಿನ ಅಂತಸ್ತಿನ ಗೋಡೆಗೆ ಕಿವಿಗೊಟ್ಟು ನಿಂತು, "ಬೇರಿಂಗ್ ಚಲೋ ಅದಾವು," ಎಂದು ಪ್ರಮಾಣಪತ್ರ ಕೊಟ್ಟ. ಮೂರು ದಿನ ಮೂರೂ ಹೊತ್ತು ಹಡಗಿನ ಕಟಕಟೆಗೆ ಕೈಯೂರಿ ನೀರು ನೋಡಿದ. ಕಸ್ತೂರಿ ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸಿ ಮೊದಲ ದಿನ ಪೂರ್ತಿ ಮಲಗಿದ್ದಳು. ಆತ ಶುಂಠಿ ಮಿಠಾಯಿ ತಂದು ತಂದು ಅವಳ ಬಾಯಿಗೆ ಹಾಕಿದ.

ಆಪರೇಷನ್ ಆಯಿತು. ಆತ ನಾಲ್ಕು ವರ್ಷ ಬದುಕಿದ. ನಡ ಒಮ್ಮೆ ಮೂವತ್ತೈದಕ್ಕೆ ಬಂದು, ಬಹಳ ದಿನ ಅಲ್ಲೇ ನಿಂತು, ಕೊನೆಯ ವರ್ಷ ಮತ್ತೆ ಇಳಿಯಿತು. ಇಳಿಯತೊಡಗಿದ ಮೇಲೆ ಕಸ್ತೂರಿ ಅಳೆಯಲಿಲ್ಲ. ಕಣ್ಣಳತೆಯ ಮೇಲೆ ಹೊಲಿದು ಕೊಟ್ಟಳು. ಅವು ಸರಿಯಾಗಿಯೇ ಕೂತವು.

ಈಗ ಅಂಗಡಿಯಿಲ್ಲ. ಮಂಡಿನೋವು ಬಂದು ಅವಳು ಮಷಿನ್ ತುಳಿಯುವುದು ಬಿಟ್ಟಳು. ಚಿನ್ಮಯಿ ಅಜ್ಜಿಗಿಂತ ಎತ್ತರವಾಗಿದ್ದಾಳೆ. ಎಷ್ಟೆಂದು ನನಗೆ ಗೊತ್ತಿಲ್ಲ, ನಾನು ಮಷಿನಿನ ಗೂಡಿನಲ್ಲಿ ಸುರುಳಿ ಸುತ್ತಿಕೊಂಡಿದ್ದೇನೆ. ಲೇಪ ಬಿರುಕು ಬಿಟ್ಟು ಒಂಬತ್ತರಿಂದ ಹದಿನಾಲ್ಕರವರೆಗಿನ ಅಂಕಿಗಳು ಉದುರಿವೆ. ತಪ್ಪು ತೋರಿಸುವ ನನ್ನನ್ನು ಅವಳು ಯಾಕೆ ಎಸೆಯಲಿಲ್ಲವೋ ಗೊತ್ತಿಲ್ಲ. ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂದು ಅವಳಿಗೊಬ್ಬಳಿಗೇ ತಿಳಿದಿದೆ.

ಮೊನ್ನೆ ಕಸ್ತೂರಿ ಓಣಿಯ ಇಬ್ಬರು ಗೆಳತಿಯರೊಡನೆ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋದಳು. ಈ ಸಲ ನನ್ನನ್ನು ಹೊರಗೆ ತೆಗೆಯಲಿಲ್ಲ. ಊರಿಗೆಲ್ಲ ಹೊಲಿದು ಕೊಟ್ಟವಳು ಜೀವನದಲ್ಲಿ ಮೊದಲ ಸಲ ಅಂಗಡಿಯಿಂದ ಸಿದ್ಧ ಉಡುಪು ತಂದಿದ್ದಳು, ನೀಲಿ ಬಣ್ಣದ ಕುರ್ತಾ. ಹೊರಡುವ ಮುಂಜಾನೆ ಕನ್ನಡಿಯ ಮುಂದೆ ನಿಂತು ನೋಡಿಕೊಂಡಳು. ತೋಳು ಒಂದೂವರೆ ಇಂಚು ಉದ್ದವಿತ್ತು. ಮಡಚಿಕೊಂಡು, ಬಾಗಿಲು ಎಳೆದುಕೊಂಡು ಹೋದಳು.