ಪಟ್ಟಿಯಲ್ಲಿಲ್ಲದ ಮಾತು

“ಲೇ ವಹಾಕಾ ಗಿಡ್ಡಿ, ನಿನ್ ಮಗಳು ಓದಿ ಏನ್ ಲಾಯರಮ್ಮ ಆಯ್ತಾಳಾ? ನಾಳೆ ಅವಳೂ ಇದೇ ಸಾಲಲ್ಲಿ ಕುಂಡೆ ಎತ್ಕಂಡು ಹಣ್ಣು ಕೀಳೋಳೇ ತಾನೆ.”

ಮಗಳ ಶಾಲೆಯಿಂದ ಕರೆ ಬಂದಿದೆ, ಹೋಗಿಬರುತ್ತೇನೆ ಎಂದು ಸೆಫೆರಿನಾ ಕೇಳಿದ್ದಕ್ಕೆ ಮೇಸ್ತ್ರಿ ರೊಹೇಲಿಯೊ ಇದನ್ನು ಸ್ಪ್ಯಾನಿಷ್‌ನಲ್ಲಿ, ಇಡೀ ಸ್ಟ್ರಾಬೆರಿ ಹೊಲಕ್ಕೆ ಕೇಳುವ ಹಾಗೆ ಹೇಳಿದ. ಅಕ್ಕಪಕ್ಕದ ಸಾಲಿನವರು ಬಗ್ಗಿದಲ್ಲೇ ನಕ್ಕರು. ಸೆಫೆರಿನಾ ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ಉತ್ತರ ಮೆಕ್ಸಿಕೋದ ಈ ಮೇಸ್ತ್ರಿಗಳ ಕಣ್ಣಿಗೆ ದಕ್ಷಿಣದ ವಹಾಕಾ ಬೆಟ್ಟದವರೆಂದರೆ ಕುಳ್ಳರು, ಕರಿಯರು, ಬಾಯಿಲ್ಲದ ಪ್ರಾಣಿಗಳು. ಗಡಿ ದಾಟುವಾಗ ನೀರಿನ ಕ್ಯಾನನ್ನೂ ಬಿಸಾಕಿ ಬಂದವರು ಈ ಮೇಲು ಕೀಳನ್ನು ಮಾತ್ರ ಜೋಪಾನವಾಗಿ ಕ್ಯಾಲಿಫೋರ್ನಿಯಾದವರೆಗೆ ಹೊತ್ತು ತಂದಿದ್ದರು. ಅವಳು ಕೈಗವಸು ಕಳಚಿ, ಅರ್ಧ ತುಂಬಿದ ಪೆಟ್ಟಿಗೆಯನ್ನು ಪಕ್ಕದವಳಿಗೆ ಒಪ್ಪಿಸಿ, ಮಣ್ಣು ಮೆತ್ತಿದ ಬೂಟಿನಲ್ಲೇ ಸರ್ಕಾರಿ ಶಾಲೆಯ ಕಡೆ ನಡೆದಳು.

ಮುಖ್ಯೋಪಾಧ್ಯಾಯಿನಿ ಬಿಳಿಯ ಹೆಂಗಸು. ಅವಳ ಇಂಗ್ಲಿಷನ್ನು ಸ್ಪ್ಯಾನಿಷ್ ಮಾಡಿ ಹೇಳಲು ಗುಮಾಸ್ತೆ ಮಾರಿಸೆಲಾ ನಡುವೆ ಕೂತಿದ್ದಳು. ತಾನು ಗ್ವಾದಲಹಾರಾದಂಥ ದೊಡ್ಡ ಪಟ್ಟಣದವಳು ಎಂದು ಕೇಳದವರಿಗೂ ಹೇಳುವವಳು. ಮೂಲೆಯ ಕುರ್ಚಿಯಲ್ಲಿ ಎಂಟು ವರ್ಷದ ಮಗಳು ನೆರೈಡಾ ಕಾಲು ಅಲ್ಲಾಡಿಸದೆ ಕೂತಿದ್ದಳು.

ಮುಖ್ಯೋಪಾಧ್ಯಾಯಿನಿ ಕಂಪ್ಯೂಟರನ್ನು ಈ ಕಡೆ ತಿರುಗಿಸಿದಳು. ಶಾಲೆಯ ನೂರು ಮಕ್ಕಳಲ್ಲಿ ತೊಂಬತ್ತಮೂರು ಮಂದಿ ಲ್ಯಾಟಿನೋ. ಎಂಬತ್ತೆಂಟು ಮಂದಿ ಬಡವರು, ಮಧ್ಯಾಹ್ನದ ಊಟ ಪುಕ್ಕಟೆ. ತರಗತಿಗೆ ತಕ್ಕಂತೆ ಓದಬಲ್ಲವರು ಹತ್ತೊಂಬತ್ತು. ಈ ಹತ್ತೊಂಬತ್ತನ್ನು ಮೇಲೆತ್ತದಿದ್ದರೆ ಜಿಲ್ಲೆಯವರು ನನ್ನನ್ನೇ ಇಲ್ಲಿಂದ ಎತ್ತುತ್ತಾರೆ ಎಂದು ಅವಳು ನಕ್ಕಳು, ಮಾರಿಸೆಲಾ ಆ ನಗುವನ್ನೂ ಅನುವಾದಿಸಿದಳು. ಸೆಫೆರಿನಾ ಪರದೆಯ ಮೇಲಿನ ಬಣ್ಣಬಣ್ಣದ ಆ ಪಟ್ಟಿಗಳಲ್ಲಿ ತನ್ನ ಮಗಳು ಯಾವುದರಲ್ಲಿದ್ದಾಳೆ ಎಂದು ಹುಡುಕುತ್ತಿದ್ದಳು.

ವಿಷಯ ಆಮೇಲೆ ಬಂತು. ನೆರೈಡಾಳನ್ನು ಇಂಗ್ಲಿಷ್‌ನಲ್ಲಿ ಪರೀಕ್ಷಿಸಿದರು, ಉತ್ತರವಿಲ್ಲ. ಮನೆಮಾತು ಸ್ಪ್ಯಾನಿಷ್ ಎಂದು ದಾಖಲೆಯಲ್ಲಿ ಇದೆಯಲ್ಲ, ಅದರಲ್ಲೂ ಪರೀಕ್ಷಿಸಿದರು. ಅದರಲ್ಲೂ ಇಲ್ಲ.

“ಮಗುಗೆ ಯಾವ ಭಾಷೆನೂ ಇಲ್ಲ,” ಎಂದಳು ಮಾರಿಸೆಲಾ. “ಬುದ್ಧಿ ಮಂದ ಇರೋ ಮಕ್ಕಳ ಕ್ಲಾಸಿಗೆ ಹಾಕ್ತಾರೆ. ಇಲ್ಲಿ ಸೈನ್ ಮಾಡಿ.”

ಸೆಫೆರಿನಾ ಮಗಳ ಕಡೆ ನೋಡಿದಳು. ಭಾಷೆ ಇಲ್ಲವಂತೆ. ಮನೆಯಲ್ಲಿ ಇವಳ ಬಾಯಿ ಮುಚ್ಚಿಸಬೇಕೆಂದರೆ ತೊರ್ತಿಯಾ ರೊಟ್ಟಿಯನ್ನೇ ತುರುಕಬೇಕು. ಮೇಸ್ತ್ರಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಡೆದು, ಅವನ ಬೈಗುಳಕ್ಕೆ ತನ್ನದೂ ನಾಲ್ಕು ಸೇರಿಸಿ ಬೈದು, ಸುಸ್ತಾಗಿ ಬಂದ ಅಪ್ಪನನ್ನು ಹೊಟ್ಟೆ ಹಿಡಿದು ನಗಿಸುವವಳು. ಅದೆಲ್ಲ ತೂನ್ ಸಾವಿಯಲ್ಲಿ, ಅಂದರೆ ಮಳೆಯ ಮಾತಿನಲ್ಲಿ. ಅವರ ಬೆಟ್ಟದವರು ತಮ್ಮ ಭಾಷೆಯನ್ನು ಕರೆಯುವುದೇ ಹಾಗೆ.

ತಪ್ಪು ತನ್ನದು ಎಂದೂ ಅವಳಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಮಗಳನ್ನು ಸೇರಿಸಲು ಬಂದಾಗ, ಅರ್ಜಿಯಲ್ಲಿ ಮನೆಯಲ್ಲಿ ಆಡುವ ಭಾಷೆ ಯಾವುದು ಎಂಬಲ್ಲಿ ಅವಳ ಪೆನ್ನು ನಿಂತಿತ್ತು. ಇದೇ ಮಾರಿಸೆಲಾ, ಸ್ಪ್ಯಾನಿಷ್ ಅಂತ ಬರೀರಿ, ಬೆಟ್ಟದವರದ್ದು ಭಾಷೆಯಲ್ಲ ಬರೀ ಆಡುಮಾತು, ಕಂಪ್ಯೂಟರಿನ ಪಟ್ಟಿಯಲ್ಲೇ ಇಲ್ಲ ಎಂದಿದ್ದಳು. ಹಿಂದೆ ಸಾಲಿನಲ್ಲಿ ಬೇರೆ ತಾಯಂದಿರಿದ್ದರು. ನಾಚಿಕೆಯಿಂದ ಬರೆದುಬಿಟ್ಟಳು. ಅವತ್ತಿನಿಂದ ದಿನಾ ಶಾಲೆಯ ಗೇಟಿನಲ್ಲಿ ಮಗಳಿಗೆ ಒಂದೇ ಬುದ್ಧಿವಾದ: ಒಳಗೆ ನಮ್ಮ ಮಾತು ಆಡಬೇಡ, ಕಾಡುಜನ ಅಂತ ಆಡಿಕೊಳ್ಳುತ್ತಾರೆ. ಒಮ್ಮೆ ಮರೆತು ಆಡಿದಾಗ ತೊಡೆ ಚಿವುಟಿ ಅಳಿಸಿದ್ದಳು.

ಸೆಫೆರಿನಾ ಸ್ಪ್ಯಾನಿಷ್‌ನಲ್ಲಿ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ನಮ್ಮ ಮನೆಮಾತು ಬೇರೆ, ಬರೆದದ್ದು ತಪ್ಪು, ತಿದ್ದಿಕೊಳ್ಳಿ, ನಮ್ಮ ಮಾತು ಬಲ್ಲವರಿಂದ ಕೇಳಿಸಿ ನೋಡಿ. ಅವಳು ಇಷ್ಟುದ್ದ ಹೇಳಿದ್ದು ಮಾರಿಸೆಲಾಳ ಬಾಯಲ್ಲಿ ನಾಲ್ಕೇ ಪದದ ಇಂಗ್ಲಿಷ್ ಆಯಿತು. ಮುಖ್ಯೋಪಾಧ್ಯಾಯಿನಿ ಮರುಕದಿಂದ ತಲೆಯಾಡಿಸಿ ಪೆನ್ನನ್ನು ಮುಂದಕ್ಕೆ ತಳ್ಳಿದಳು.

ಸೆಫೆರಿನಾ ಮೂಲೆಗೆ ತಿರುಗಿ ಮಳೆಯ ಮಾತಿನಲ್ಲಿ ಅಂದಳು, “ಮಾತಾಡವ್ವ. ಏನಾರ ಆಡು. ನಾನೇ ಹೇಳ್ತಾ ಇವ್ನಿ.”

ನೆರೈಡಾ ನೆಲ ನೋಡಿದಳು. ಎರಡೂ ಕೈ ತೊಡೆಯ ಮೇಲೆ ಬಂದವು, ಚಿವುಟುವವರಿಗೆ ಅಡ್ಡವಾಗಿ. ಸೆಫೆರಿನಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಬೀಗ ಜಡಿದವಳು ತಾನೇ.

“ಬೇಗ ಮಾಡಮ್ಮ, ಮೇಡಂಗೆ ಬೇರೆ ಕೆಲಸ ಇದೆ,” ಎಂದಳು ಮಾರಿಸೆಲಾ.

ಆಗ ಸೆಫೆರಿನಾಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಸ್ಪ್ಯಾನಿಷ್ ನಾಲಿಗೆಗೆ ಬರಲೇ ಇಲ್ಲ.

“ಥೂ, ನಿನ್ ಬಾಯಿಗೆ ಮುದಿ ಕತ್ತೆ ಉಚ್ಚೆ ಹುಯ್ಯ,” ಎಂದಳು ಮಳೆಯ ಮಾತಿನಲ್ಲೇ. “ನನ್ ಮಗೀಗೆ ಮಾತಿಲ್ಲ ಅಂತೀಯೇನೇ ಬೋಸುಡಿ?”

ನೆರೈಡಾ ಕಿಸಕ್ಕನೆ ನಕ್ಕಳು. ಸೆಫೆರಿನಾ ನೋಡಿದ್ದು ಅದನ್ನಲ್ಲ. ಮಾರಿಸೆಲಾಳ ಕೈ ಅವಳಿಗೇ ಗೊತ್ತಿಲ್ಲದೆ ಮೇಲೆದ್ದು ತುಟಿ ಒರೆಸಿಕೊಂಡಿತ್ತು.

ಸೆಫೆರಿನಾಳ ಸಿಟ್ಟು ಎಲ್ಲೋ ಇಳಿದುಹೋಯಿತು.

“ಯಾವೂರವ್ವ ನಿಂದು?” ಎಂದು ಮೆಲ್ಲಗೆ ಕೇಳಿದಳು, ಅದೇ ಮಾತಿನಲ್ಲಿ.

ಮಾರಿಸೆಲಾ ಕಾಗದದ ಮೇಲೆ ಬಗ್ಗಿದಳು. ಅವಳ ಕಿವಿ ಕೆಂಪಾಗಿತ್ತು. ಇದು ಯಾವ ಭಾಷೆ, ಏನೆನ್ನುತ್ತಿದ್ದಾಳೆ ಎಂದು ಮುಖ್ಯೋಪಾಧ್ಯಾಯಿನಿ ವಿಚಾರಿಸಿದಳು.

“ಗೊತ್ತಿಲ್ಲ ಮೇಡಂ.”

“ಸುಳ್ಳು,” ಎಂದಿತು ಮೂಲೆಯಿಂದ ಒಂದು ದನಿ, ಅವಳಿಗಿಲ್ಲವೆಂದು ಬರೆದಿದ್ದ ಇಂಗ್ಲಿಷ್‌ನಲ್ಲಿ. ನೆರೈಡಾ ಎದ್ದು ನಿಂತಿದ್ದಳು. “ಅವರಿಗೆ ಗೊತ್ತು. ಅಮ್ಮ ಬೈದಿದ್ದು ಅವರಿಗೆ ಗೊತ್ತಾಯ್ತು.”

ಮುಖ್ಯೋಪಾಧ್ಯಾಯಿನಿ ಗುಮಾಸ್ತೆಯ ಕಡೆ ತಿರುಗಿದಳು. ಸೆಫೆರಿನಾ ಸಹಿಯಿಲ್ಲದ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪೆನ್ನನ್ನು ಎತ್ತಿ ಮಾರಿಸೆಲಾಳ ಮುಂದೆ ಇಟ್ಟಳು.

“ಪಟ್ಟಿಯಲ್ಲಿ ಇಲ್ಲ ಅಂದ್ಯಲ್ಲ,” ಎಂದಳು. “ಬರಿ, ನಮ್ ಮಾತು ಆಡೋರ ಪಟ್ಟೀನ. ಮೊದ್ಲು ನಿನ್ ಹೆಸರಿಂದ ಶುರು ಮಾಡು.”