ಮಾಯಪ್ಪ ಮಲಗಿರಲಿಲ್ಲ

ರೇಣವ್ವ ಭಾಳ ಸಿಟ್ಟಿನಾಕಿ ಅಂತ ಊರಾಗ ಮಾತಾಡ್ತಾರ. ಹೌದ್ರೀ, ಅದೀನಿ. ಗಂಡನ ಹೆಸರಿಗೆ ಮಸಿ ಬಳದಾವ ಎದುರಿಗೆ ಬಂದ್ರ ನೀವೇನು ಆರತಿ ಎತ್ತತೀರೇನು?

ಖಾನಾಪುರದ ಹೊರಗ ಹಳ್ಳಿ ರಸ್ತಾಕ್ಕ ಅಡ್ಡ ಒಂದು ರೈಲ್ವೆ ಗೇಟ್ ಐತಿ. ಇವತ್ತು ಅದನ್ನ ಕಾಯಾಕಿ ನಾ. ಮೊದಲ ನನ್ನ ಗಂಡ ಮಾಯಪ್ಪ ಕಾಯ್ತಿದ್ದ. ಕೆಲಸ ಇಷ್ಟ: ರೈಲು ಬರೂ ಮೊದಲ ಸ್ಟೇಶನ್ ಮಾಸ್ತರ ಫೋನ್ ಮಾಡ್ತಾರ, ನಾವು ಗೇಟ್ ಹಾಕಬೇಕು. ಆ ಫೋನ್ ಕೆಟ್ರ ಪುಸ್ತಕದಾಗ ಬರೀಬೇಕು, ಗೇಟ್ ಹಾಕೇ ಇಡಬೇಕು, ಬಂದ ರೈಲಿಗೆ ಕೆಂಪು ಬಾವುಟ ತೋರಿಸಿ ನಿಲ್ಲಿಸಬೇಕು. ಬರದದ್ದು ಅದೇ ದಿನ ಮ್ಯಾಲಿನವ್ರಿಗೆ ಮುಟ್ಟಬೇಕು. ಸರಕಾರದ ಕಾನೂನೇ ಹಂಗ ಐತಿ.

ಎರಡು ವರ್ಷದ ಹಿಂದ ಆ ಫೋನ್ ಹತ್ತೊಂಬತ್ತು ದಿನ ಸತ್ತು ಬಿದ್ದಿತ್ತು. ಮಾಯಪ್ಪ ಮೂರು ಸಲ ರೈಲ್ವೆ ಇನ್‌ಸ್ಪೆಕ್ಟರ್ ಗುರುಪುತ್ರಪ್ಪ ಸಾಹೇಬಗ ಹೇಳಿದ. ಸಾಹೇಬ ನಮ್ಮ ಮನಿಗೇ ಬಂದ. "ಬರೀಬ್ಯಾಡೋ ಮಾಯಪ್ಪ, ಬರದ್ರ ಮ್ಯಾಲಿಂದ ನನಗ ಪ್ರಶ್ನೆ ಬರ್ತಾವು. ರಿಪೇರಿ ಮಾಡಸ್ತೀನಿ, ಅಲ್ಲೀತನಕ ಸೀಟಿ ಕೇಳಿ ಗೇಟ್ ಹಾಕು" ಅಂದ. ನಾವು ಹಾಲುಮತದವ್ರು. ನಮ್ಮ ಮಂದಿ ಭಂಡಾರ, ಅಂದ್ರ ದೇವರ ಅರಿಷಿಣ, ಮುಟ್ಟಿ ಕೊಟ್ಟ ಮಾತು ಮುರಿಯೂದಿಲ್ಲ ಅನ್ನೂದು ಅವಗ ಗೊತ್ತಿತ್ತು. ದೇವರ ಜಗಲಿ ಮ್ಯಾಲಿನ ಭಂಡಾರ ತಾನೇ ತಗೊಂಡು ಮಾಯಪ್ಪನ ಅಂಗೈಯಾಗ ಇಟ್ಟು, "ಯಾರ ಮುಂದೂ ಹೇಳೂದಿಲ್ಲಂತ ಆಣಿ ಮಾಡು" ಅಂದ. ನಾ ಚಾದ ಕಪ್ಪು ಹಿಡಕೊಂಡು ನಿಂತು ನೋಡೀನಿ. ಆ ಚಾ ಅವನ ಮುಖಕ್ಕ ಚೆಲ್ಲಲಿಲ್ಲಲ್ಲಾ ಅಂತ ಇವತ್ತಿಗೂ ಕೈ ತುರಸ್ತೈತಿ.

ಹತ್ತೊಂಬತ್ತನೇ ದಿನ ಮಳಿಗಾಳಿಯಾಗ ಸೀಟಿ ಕೇಳಲಿಲ್ಲ. ಗೂಡ್ಸ್ ಗಾಡಿ ಕಬ್ಬಿನ ಟ್ರ್ಯಾಕ್ಟರಿಗೆ ಬಡೀತು, ಟ್ರ್ಯಾಕ್ಟರ್ ಡ್ರೈವರ್ ಮೈಲಾರಲಿಂಗನ ಒಂದು ಕಾಲು ಹೋತು. ಸಾಹೇಬ ರಿಪೋರ್ಟ್ ಬರದ: ಫೋನ್ ಸರಿ ಇತ್ತು, ಗೇಟ್‌ಮನ್ ಮಲಗಿದ್ದ. ಸ್ಟೇಶನ್ ಮಾಸ್ತರನೂ ಸಾಹೇಬಗ ಹೆದರಿ ಅದಕ್ಕ ಹೂಂ ಅಂದ. ವಿಚಾರಣಿಯಾಗ ಮಾಯಪ್ಪ ಬಾಯಿ ಬಿಡಲಿಲ್ಲ. ಆಣಿ! "ಸುಡಲಿ ನಿನ್ನ ಆಣಿ, ಹೇಳೋ ಮಾರಾಯಾ" ಅಂತ ನಾ ಅವನ ಎದಿ ಗುದ್ದಿ ಗುದ್ದಿ ಅತ್ತೆ. ಹೇಳಲಿಲ್ಲ. ನಾ ಹೇಳಿದ್ರ ಹೆಂಡ್ತಿ ಮಾತು ಸಾಕ್ಷಿ ಅಲ್ಲ ಅಂದ್ರು. ಅಮಾನತ್ ಆದ ಆರು ತಿಂಗಳಿಗೆ ಎದಿ ಒಡದು ಸತ್ತ. ವಿಚಾರಣಿ ಅಲ್ಲಿಗೇ ನಿಂತು, ನೌಕರಿ ನನಗ ಬಂತು. ಫೈಲಿನಾಗ ಮಾತ್ರ 'ಮಲಗಿದ್ದ' ಅನ್ನೂದು ಹಂಗೇ ಉಳೀತು. ನನ್ನ ಮಗಳು ಶೀತಲಗ ಸಾಲ್ಯಾಗ "ಮಲಗಿದವನ ಮಗಳು" ಅಂತಿದ್ರು. ಆ ಒಂದು ಮಾತು ಅಳಸಬೇಕು, ಅಳಸದ ಸಾಯಬಾರದು ಅಂತ ನಾ ಹಲ್ಲು ಕಚ್ಚಿ ಕುಂತಿದ್ದೆ.

ಹೋದ ಮಾರ್ಚಿನಾಗ ಒಂದು ದಿನ ಮುಂಜಾನೆ ಫೋನ್ ಮತ್ತ ಸತ್ತಿತು. ಗೇಟ್ ಹಾಕಿ ಪುಸ್ತಕ ತಗದೆ. ಅಷ್ಟರಾಗ ಗೇಟಿನ ಆಚಿ ಬಾಜು ಒಂದು ಬಿಳಿ ಕಾರು ಬಂದು ಹಾರ್ನ್ ಹೊಡೀತು. ಗುರುಪುತ್ರಪ್ಪ! ಹೊಸಾ ಕೋಟು, ಹೊಸಾ ಬೂಟು. ಬಾಜೂಕ ಹೆಂಡ್ತಿ ಕಾಂತಾ, ಇಳಕಲ್ ಸೀರಿ ಉಟಗೊಂಡು. ತನ್ನ ವಿಭಾಗದಾಗ ಮೂರು ವರ್ಷದಿಂದ ಫೋನ್, ಯಂತ್ರ ಕೆಟ್ಟ ವರದಿ ಒಂದೂ ಇಲ್ಲಂತ ಅವಗ ದಿಲ್ಲಿಯಾಗ ಸನ್ಮಾನ ಇಟ್ಟಿದ್ರು. ಮಾವನ ಊರಾಗ ಆಶೀರ್ವಾದ ತಗೊಂಡು ದಿಲ್ಲಿ ವಿಮಾನ ಹಿಡಿಯಾಕ ಸಾಂಬ್ರಾ ವಿಮಾನ ನಿಲ್ದಾಣಕ್ಕ ಹೊಂಟಿದ್ದ.

"ಗೇಟ್ ತಗಿ ರೇಣವ್ವ, ಲಗೂ."

"ಫೋನ್ ಸತ್ತೈತ್ರಿ. ರೈಲು ಎಲ್ಲೈತೋ ಗೊತ್ತಿಲ್ಲ. ಹೆಂಗ ತಗೀಲಿ?"

ಕಾರಿಂದ ಇಳದು ಗೇಟಿಗೆ ಬಂದ, ಅವನ ಕಣ್ಣು ಪುಸ್ತಕದ ಮ್ಯಾಲ ಬಿತ್ತು. "ಬರೀಬ್ಯಾಡ! ಈ ವಾರ ಬ್ಯಾಡವಾ, ಕೈ ಮುಗೀತೀನಿ."

ಪುಸ್ತಕ ಗೇಟಿನ ಮ್ಯಾಲಿಂದ ಅವನ ಮುಂದ ಹಿಡದೆ. ಮೆತ್ತಗೇ ಅಂದೆ, "ನಾ ಬರಿಯೂದಿಲ್ಲ ಬಿಡ್ರಿ. ನೀವೇ ಬರೀರಿ. ಫೋನ್ ಸತ್ತೈತಿ ಅಂತ, ಎರಡು ವರ್ಷದ ಹಿಂದೂ ಹತ್ತೊಂಬತ್ತು ದಿನ ಸತ್ತಿತ್ತು ಅಂತ, ಮಾಯಪ್ಪ ನಿಮಗ ಹೇಳಿದ್ದ ಅಂತ, ಅವ ಮಲಗಿರಲಿಲ್ಲ ಅಂತ. ಸಹಿ ಹಾಕ್ರಿ. ಆಮ್ಯಾಲ ಹಳಿ ನೋಡಿ ಗೇಟ್ ತಗೀತೀನಿ."

"ತಲಿ ಕೆಟ್ಟೈತೇನು ನಿನಗ?"

"ಕೆಟ್ಟೈತ್ರಿ. ಕೆಡಿಸಿದಾವ್ರು ನೀವ ಅಲ್ಲೇನು?"

ಮೊಬೈಲ್ ತಗದ, ಅಲ್ಲಿ ರೇಂಜ್ ಇಲ್ಲ. ಬ್ಯಾರೆ ರಸ್ತಾ ಹಿಡದ್ರ ಇಪ್ಪತ್ತು ಕಿಲೋಮೀಟರ್ ಸುತ್ತು. ಕಾಂತಾ ಗಡಿಯಾರ ನೋಡಿ ಚೀರಿದಳು, "ಬರದ್ ಕೊಡ್ರಿ ಅತ್ಲಾಗ! ವಿಮಾನ ನಿಮ್ಮಪ್ಪ ನಿಲ್ಲಸ್ತಾನೇನು?"

ಸಾಹೇಬ ನನ್ನ ನೋಡಿ ನಕ್ಕ. ಆ ನಗಿ ನನಗ ತಿಳೀತು. ತಿಂಗಳ ಕೊನೀಗೆ ಪುಸ್ತಕ ಅವನ ಟೇಬಲ್ಲಿಗೇ ಹೋಗ್ತೈತಿ, ಹಾಳಿ ಹರದ್ರ ಮುಗೀತು ಅಂತ ಅವನ ಲೆಕ್ಕ. ಪುಸ್ತಕ ಇಸಗೊಂಡು ಹೇಳಿದ್ದಷ್ಟೂ ಬರದ. ತಾರೀಖು ಹಾಕಿದ, ಸಹಿ ಮಾಡಿದ, ಪುಸ್ತಕ ನನ್ನ ಕಡೆ ಒಗದ. "ತಗಿ ಈಗ."

ಅಷ್ಟರಾಗ ತಿರುವಿನಾಗ ರೈಲಿನ ಸೀಟಿ ಕೇಳಿತು. ನಾ ಕೆಂಪು ಬಾವುಟ ಹಿಡದೆ. ರೈಲು ಕಿರ್ರ್ ಅಂತ ಬಂದು ನಿಂತಿತು. ಹಾಳಿ ಕೆಳಗ ಕಾರ್ಬನ್ ಇತ್ತು. ಕೆಳಗಿನ ಪ್ರತಿ ಹರದು ಡ್ರೈವರ್ ಕೈಯಾಗ ಕೊಟ್ಟೆ. ಗೇಟ್ ಕೆಟ್ಟಾಗ ಚೀಟಿ ಹೋಗೂದೇ ಹಂಗ: ಡ್ರೈವರ್ ಮುಂದಿನ ಸ್ಟೇಶನ್ನಿಗೆ ಕೊಡ್ತಾನ, ಅಲ್ಲಿಂದ ಸೀದಾ ಮ್ಯಾಲಿನ ಆಫೀಸಿಗೆ. ಗುರುಪುತ್ರಪ್ಪಗ ಇದು ನೆನಪೇ ಆಗಲಿಲ್ಲ. ಹೆಂಗ ಆಗ್ಬೇಕು? ಇಷ್ಟು ವರ್ಷ ಯಾರಿಗೂ ಒಂದು ಚೀಟಿ ಬರಿಯಾಕ ಬಿಟ್ಟಿರಲಿಲ್ಲ ಅಂವ.

ಡ್ರೈವರ್ ಓದಿದ, ಸಾಹೇಬನ ಮುಖ ನೋಡಿದ, ಚೀಟಿ ಮಡಚಿ ಕಿಸೆಗಿಟ್ಟ.

"ಏ, ಅದನ್ನ ಕೊಡೋ ಇಲ್ಲಿ!" ಸಾಹೇಬ ಗೇಟಿನ ಕೆಳಗ ನುಸುಳಿ ಓಡಿದ. ಜಲ್ಲಿ ಮ್ಯಾಲ ಹೊಸಾ ಬೂಟು ಜಾರಿ ಮಣಕಾಲೂರಿ ಬಿದ್ದ. ರೈಲು ಹೊಂಟ ಹೋತು. ನನಗ ಎಷ್ಟು ಖುಷಿ ಆತಂದ್ರ, ಖರೇ ಹೇಳ್ತೀನಿ, ಕುಣೀಬೇಕು ಅನ್ನಿಸ್ತು. ಕಣ್ಣಾಗ ನೀರೂ ಬಂತು.

ರೈಲು ದಾಟಿದ ಮ್ಯಾಲ ಹಳಿ ಎರಡೂ ಕಡೆ ನೋಡಿ ಗೇಟ್ ಎತ್ತಿದೆ. "ಹೋಗ್ರಿ ಸಾಹೇಬ್ರ, ವಿಮಾನ ಸಿಗ್ತೈತಿ."

ಕಾರು ಅಲ್ಲಾಡಲಿಲ್ಲ. ಸಾಹೇಬ ಪ್ಯಾಂಟಿನ ಧೂಳ ಸೈತ ಜಾಡಿಸದ ನನ್ನ ಮುಂದ ಬಂದು ನಿಂತ. 

"ರೇಣವ್ವ, ನಂದು ಇನ್ನಾ ಮೂರು ವರ್ಷ ನೌಕರಿ ಐತಿ."

"ಮಾಯಪ್ಪಂದು ಹನ್ನೊಂದು ವರ್ಷ ಇತ್ರಿ" ಅಂದೆ.