ಅರ್ಧ ತೋಳು

ಬಾಯಲ್ಲಿ ಗುಂಡುಸೂಜಿ ಇರುವಾಗ ದರ್ಜಿಯನ್ನು ಮಾತಾಡಿಸಬಾರದು. ಮದುವೆಯಾದಾಗಿನಿಂದ ನನ್ನ ಗಂಡನಿಗೆ ಇದನ್ನೇ ಹೇಳುತ್ತಿದ್ದೇನೆ, ಅವರ ತಲೆಗೆ ಹೋದರೆ ತಾನೆ? ಆ ದಿನ ನಾನು ಅಂಗಡಿಯ ನೆಲದ ಮೇಲೆ ಮಂಡಿಯೂರಿ ಒಬ್ಬಳ ಸ್ಕರ್ಟಿನ ಅಂಚು ಮಡಚುತ್ತಿದ್ದೆ. ಫೋನ್ ಬಡಿದುಕೊಂಡಿತು. ಎತ್ತಿದವರು ನಮ್ಮವರು.

"ಪ್ರಾಣಿ ಡಾಕ್ಟರು ಕಣೇ. ಅರ್ಧ ತೋಳು ಅಂತೆ. ಇಡೋದಾ ಅಂತ ಕೇಳ್ತಿದಾರೆ."

ಪ್ರಾಣಿ ಡಾಕ್ಟರು ಹಿಂದಿನ ಬೀದಿಯವರು. ಬಿಳಿ ಕೋಟಿಗೆ ಬಟ್ಟೆ ಕೊಟ್ಟು ಹೋಗಿದ್ದರು. ಅರ್ಧ ತೋಳೋ ಪೂರ್ತಿ ತೋಳೋ ಎಂದು ಅವರಿಗೇ ತೀರ್ಮಾನವಾಗಿರಲಿಲ್ಲ.

"ಇಡೋದೇ ಅನ್ನಿ," ಎಂದೆ, ಸೂಜಿಗಳ ಸಂದಿಯಿಂದ.

"ಧಾರಾಳವಾಗಿ ಇಡೋಣ ಡಾಕ್ಟ್ರೇ. ನಮ್ಮನೆಯವಳೂ ಒಪ್ಪಿದ್ಲು. ಸೆಖೆಗಾಲಕ್ಕೆ ಅದೇ ವಾಸಿ," ಎಂದರು ನಮ್ಮವರು.

ಆ ಕಡೆಯಿಂದ ಡಾಕ್ಟರು ನಿಮ್ಮಂಥ ದೊಡ್ಡ ಮನಸ್ಸು ಯಾರಿಗಿದೆ ಎಂದು ಗದ್ಗದಿತರಾದರಂತೆ. ಅರ್ಧ ತೋಳಿಗೆ ಇಷ್ಟು ಗದ್ಗದವೇ ಎಂದು ನನಗೂ ಅನಿಸಿತು. ಪಾಪ, ಒಂಟಿ ಮನುಷ್ಯ, ಯಾರಾದರೂ ಒಂದು ಮಾತು ಒಪ್ಪಿಕೊಂಡರೆ ಸಾಕಾಗಿರಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಅಂಗಡಿಯ ಬಾಗಿಲಲ್ಲಿ ನಿಂತಾಗ ಕೋಟಿಗೆ ಇಸ್ತ್ರಿಯೂ ಆಗಿತ್ತು.

"ಬನ್ನಿ ಡಾಕ್ಟ್ರೇ, ನಿಮ್ಮ ಅರ್ಧ ತೋಳು ರೆಡಿ."

"ನಿಮ್ಮದೂ ರೆಡಿ," ಎಂದು ಅವರು ಕೈಯಲ್ಲಿದ್ದ ಹಗ್ಗ ಎಳೆದರು.

ಹಗ್ಗದ ಆ ತುದಿಯಲ್ಲಿ ಕರುವಿನಷ್ಟು ಎತ್ತರದ, ಬೂದು ಬಣ್ಣದ, ಹಳದಿ ಕಣ್ಣಿನ ಒಂದು ಪ್ರಾಣಿ ನಿಂತಿತ್ತು. ಅದು ನನ್ನನ್ನು ನೋಡಿ ಹೆದರಿ ಡಾಕ್ಟರ ಹಿಂದೆ ಅಡಗಿತು. ನಾನು ಅದನ್ನು ನೋಡಿ ಹೆದರಿ ಹೊಲಿಗೆ ಮಿಷನ್ನಿನ ಹಿಂದೆ ಅಡಗಿದೆ.

"ತಾಯಿ ನಾಯಿ, ತಂದೆ ತೋಳ. ಅದಕ್ಕೇ ಅರ್ಧ ತೋಳ ಅಂದಿದ್ದು," ಎಂದರು ಡಾಕ್ಟರು. ಯಾರೋ ಶೋಕಿಗೆ ಸಾಕಿ, ಬೆಳೆದ ಮೇಲೆ ಇವರ ಗೇಟಿಗೆ ಕಟ್ಟಿ ಕೈತೊಳೆದುಕೊಂಡಿದ್ದರಂತೆ. ಇವರು ಊರಿನವರನ್ನೆಲ್ಲ ಕೇಳಿದ್ದಾರೆ, ಹೂಂ ಎಂದದ್ದು ನಾವೊಬ್ಬರೇ. ತೋಳ! ಕಾಡಿನ ತೋಳ! ಮಾತಿನ ಕೊನೆಯ ಅಕ್ಷರ ನುಂಗುವ ನಮ್ಮೂರಿನವರ ಈ ಅಭ್ಯಾಸ ಒಂದಲ್ಲ ಒಂದು ದಿನ ನಮ್ಮನ್ನೇ ನುಂಗುತ್ತದೆ ಎಂದು ನನಗೆ ಗೊತ್ತಿತ್ತು.

"ರೀ!" ಎಂದು ಕೂಗಿದೆ.

ನಮ್ಮವರು ಒಂದು ಶರ್ಟು, ಒಂದು ಗುಂಡಿ ಹಿಡಿದುಕೊಂಡೇ ಬಂದರು. ಅವರು ಕೆಲಸ ಮಾಡುತ್ತಿದ್ದ ಅಚ್ಚುಕೂಟ ಮುಚ್ಚಿದ ಮೇಲೆ ನನ್ನ ಅಂಗಡಿಯಲ್ಲಿ ಗುಂಡಿ ಹಾಕುತ್ತಾರೆ. ಅವರು ಹಾಕಿದ್ದನ್ನು ನಾನು ಬಿಚ್ಚಿ ಮತ್ತೆ ಹಾಕುತ್ತೇನೆ, ಅವರ ಕಣ್ಣೆದುರಿಗೇ. ಕದ್ದುಮುಚ್ಚಿ ಮಾಡುವ ಪೈಕಿ ನಾನಲ್ಲ. ಮೊದಲಾಗಿದ್ದರೆ ಜಗಳಕ್ಕೆ ಬರುತ್ತಿದ್ದರು. ಈಚೆಗೆ ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ. ಮನೆಯಲ್ಲಿ ಇದ್ದೂ ಇಲ್ಲದವರ ಹಾಗೆ ಇರುತ್ತಿದ್ದರು. ನನ್ನ ಚಿಂತೆಯೆಲ್ಲ ಅದೇ ಆಗಿತ್ತು.

ವಿಷಯ ತಿಳಿದು ಅವರ ಮುಖ ಸಣ್ಣಗಾಯಿತು.

"ನಾನೇ ತಪ್ಪು ಕೇಳಿಸ್ಕೊಂಡೆ. ನನ್ನ ಕೈಲಿ ಯಾವುದು ತಾನೆ ನೆಟ್ಟಗಾಗುತ್ತೆ? ವಾಪಸ್ ಕಳಿಸಿಬಿಡು."

ಆ ಮಾತು ಕೇಳಿ ನನಗೆ ಅಯ್ಯೋ ಅನ್ನಿಸಿತು. ಹೊರಗೆ ಬಂದದ್ದು ಮಾತ್ರ ಸಿಟ್ಟು.

"ಯಾಕ್ರೀ ಕಳಿಸೋದು? ಬಂದಿದೆ, ಇರ್ಲಿ. ಸ್ವಲ್ಪ ದಿನ ನೋಡೋಣ!"

ನೋಡಿದೆವು. ಅದು ಬೊಗಳುವುದಿಲ್ಲ. ನಾನು ಮಿಷನ್ ತುಳಿದರೆ ಸಾಕು, ಮೂತಿ ಮೇಲೆತ್ತಿ ಊಳಿಡುತ್ತದೆ. ನಾನು ನಿಧಾನಕ್ಕೆ ತುಳಿದರೆ ಎಳೆದು ಎಳೆದು ಊಳು, ಜೋರಾಗಿ ತುಳಿದರೆ ತಾರಕದಲ್ಲಿ ಊಳು. ಎದೆಯಳತೆ ಕೊಡುತ್ತಿದ್ದ ಗಿರಾಕಿಯೊಬ್ಬರು ಮೈಗೆ ಸುತ್ತಿದ್ದ ನನ್ನ ಟೇಪಿನ ಸಮೇತ ಕಾಲಿಗೆ ಬುದ್ಧಿ ಹೇಳಿದರು. ಚಿಲಕ ತೆಗೆಯುವುದನ್ನು ಅದು ತಾನಾಗಿಯೇ ಕಲಿತಿತು. ಒಂದು ಮಧ್ಯಾಹ್ನ ಒಳಗೆ ನುಗ್ಗಿ, ಡಾಕ್ಟರು ಇನ್ನೂ ಒಯ್ಯದಿದ್ದ ಕೋಟಿನ ಎರಡೂ ತೋಳು ತಿಂದು ಹಾಕಿತು. ತೋಳನ ಹೊಟ್ಟೆಯಲ್ಲಿ ತೋಳು! ನಾನು ಹಣೆ ಹಣೆ ಚಚ್ಚಿಕೊಂಡೆ. ನಮ್ಮವರು ಗೋಡೆ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವರ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿದೆ.

ಅಷ್ಟರಲ್ಲಿ ಡಾಕ್ಟರು ಅದರ ರಕ್ತ ಪರೀಕ್ಷೆ ಮಾಡಿಸಿ ಬಂದು, ತಲೆ ಕೆರೆದುಕೊಂಡರು.

"ಅರ್ಧ ಅಲ್ಲಮ್ಮ, ಮುಕ್ಕಾಲು. ತಾಯೀನೂ ಅರ್ಧ ತೋಳ ಅಂತೆ."

"ಮೊದಲೇ ಹೇಳ್ಬಾರದಾ? ಮುಕ್ಕಾಲು ತೋಳಿಗೆ ನಾನು ಬಟ್ಟೆ ಜಾಸ್ತಿ ಕೇಳ್ತೀನಿ," ಎಂದೆ.

ಅಂದಿನಿಂದ ಅದರ ಹೆಸರೇ ಮುಕ್ಕಾಲು ಎಂದಾಯಿತು. ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು ಗೋಡೆಯಾಚೆಯಿಂದ ಬಗ್ಗಿ ಬಗ್ಗಿ ನೋಡಿ, "ಮುಕ್ಕಾಲು ಅಂತೀರಿ, ನಾಲ್ಕೂ ಕಾಲು ಇದೆಯಲ್ಲಮ್ಮ?" ಎಂದರು.

ನಮ್ಮವರು ದಿನವಿಡೀ ಹಿತ್ತಿಲಲ್ಲಿ ಮುಕ್ಕಾಲಿನ ಜೊತೆ ಮಾತು. ಅದು ಬೇರೆ ಯಾರ ಹತ್ತಿರವೂ ಸುಳಿಯದು, ಅವರ ಮೊಣಕಾಲಿಗೆ ಮಾತ್ರ ತಲೆ ಒರಗಿಸುತ್ತಿತ್ತು. ಒಂದು ದಿನ ನಾನು ಅವರ ಗುಂಡಿ ಬಿಚ್ಚಲು ಕತ್ತರಿ ಎತ್ತಿದಾಗ, "ಮುಟ್ಟಬೇಡ! ನೆಟ್ಟಗಿದೆ ಅದು!" ಎಂದು ರೇಗಿದರು. ಗುಂಡಿ ಸೊಟ್ಟಗೇ ಇತ್ತು. ಹಾಗೇ ಗಿರಾಕಿಗೆ ಕೊಟ್ಟೆ. ಗಂಡ ರೇಗಿದನೆಂದು ಇಷ್ಟು ಖುಷಿಪಟ್ಟ ಹೆಂಡತಿ ಇನ್ನೊಬ್ಬಳಿರಲಾರಳು. ಊರು ಏನಾದರೂ ಅನ್ನಲಿ, ಈ ಪ್ರಾಣಿ ನಮ್ಮಲ್ಲೇ ಇರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಹಿತ್ತಿಲ ಬಾಗಿಲಿಗೆ ಹೊಸ ಬೀಗ ತಂದೆ. ದಪ್ಪ ಕ್ಯಾನ್ವಾಸಿನಲ್ಲಿ ಅದಕ್ಕೊಂದು ಹಾಸಿಗೆ ಹೊಲಿಯಲು ಕೂತೆ.

ನಮ್ಮವರು ಬಂದು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಹೊಲೀಬೇಡ. ಅದನ್ನ ಇಟ್ಕೊಳ್ಳೋದು ಬೇಡ."

ನನಗೆ ಕಿವಿ ಕೆಟ್ಟಿತೇ ಎನಿಸಿತು. ಅವರು ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಕರೆದೊಯ್ದರು. ಮುಕ್ಕಾಲು ಗೋಡೆಯುದ್ದಕ್ಕೂ ನಡೆಯುತ್ತಿತ್ತು. ಮೂಲೆಗೆ ಹೋಗಿ ತಿರುಗುತ್ತಿತ್ತು, ಈ ಮೂಲೆಗೆ ಬಂದು ತಿರುಗುತ್ತಿತ್ತು. ಅದು ನಡೆದಲ್ಲಿ ಹುಲ್ಲು ಸತ್ತು, ಮಣ್ಣಿನಲ್ಲಿ ಒಂದು ದಾರಿಯೇ ಬಿದ್ದಿತ್ತು.

"ನಾನು ದಿನಾ ನೋಡ್ತೀನಿ ಕಣೇ. ನಾನು ಮಾತಾಡಿಸಿದಾಗ ನಿಲ್ಲುತ್ತೆ, ಆಮೇಲೆ ಮತ್ತೆ ಶುರು. ಬೆಟ್ಟದ ಕಡೆ ಇಂಥವನ್ನೇ ಸಾಕೋರು ಒಬ್ಬರಿದಾರೆ. ದೊಡ್ಡ ಬೇಲಿ, ಒಳಗೆ ಕಾಡು. ಮೊದಲು ಡಾಕ್ಟ್ರು ಕೇಳಿದಾಗ ಜಾಗ ಇಲ್ಲ ಅಂದಿದ್ರಂತೆ. ನಾನೇ ಕೇಳ್ದೆ, ದಿನಾ ಕೇಳ್ದೆ. ಈಗ ಒಪ್ಪಿದಾರೆ."

ನನ್ನ ಪಿತ್ತ ನೆತ್ತಿಗೇರಿತು.

"ಗಿರಾಕಿಗಳ ಹತ್ರ ಬೈಸ್ಕೊಂಡಿದ್ದು ನಾನು, ಕೋಟು ಎರಡು ಸಲ ಹೊಲಿದಿದ್ದು ನಾನು! ಇದೆಲ್ಲ ಯಾರಿಗೋಸ್ಕರ ಅಂದ್ಕೊಂಡ್ರಿ? ನಿಮಗೋಸ್ಕರ! ನೀವು ಮತ್ತೆ ಮೂಲೆ ಹಿಡಿದು ಕೂತ್ರೆ ನಾನೇನ್ ಮಾಡ್ಲಿ?"

ಹೇಳಬಾರದೆಂದು ಬಚ್ಚಿಟ್ಟುಕೊಂಡಿದ್ದ ಮಾತು ಹೊರಗೆ ಬಿದ್ದೇ ಹೋಯಿತು. ಅವರು ನನ್ನನ್ನೇ ನೋಡಿದರು, ಮುಖ ಸಣ್ಣಗೆ ಮಾಡಿಕೊಳ್ಳಲಿಲ್ಲ.

"ನೀನು ನನಗೋಸ್ಕರ ಇದೀಯ. ಅದಕ್ಕೋಸ್ಕರ ಯಾರಿದಾರೆ, ನಾನು ಬಿಟ್ರೆ?"

ನಾನು ಒಳಗೆ ಹೋಗಿ ಅರ್ಧ ಹೊಲಿದ ಹಾಸಿಗೆಯನ್ನು ಮಡಚಿಟ್ಟೆ.

ಡಾಕ್ಟರ ವ್ಯಾನಿನಲ್ಲೇ ಹೋದೆವು. ಬೆಟ್ಟದ ಬೇಲಿಯ ಒಳಗೆ, ಮರಗಳ ನಡುವೆ, ಬೂದು ಬಣ್ಣದ ಇನ್ನೂ ಕೆಲವು ನಿಂತು ನೋಡುತ್ತಿದ್ದವು. ಅಲ್ಲಿಯ ಹೆಂಗಸು ಗೇಟು ತೆಗೆದರು. ನಮ್ಮವರು ಬಗ್ಗಿ ಕೊರಳಪಟ್ಟಿ ಬಿಚ್ಚಿದರು. ಮುಕ್ಕಾಲು ಒಂದು ಕ್ಷಣ ಗಾಳಿ ಮೂಸಿತು, ಆಮೇಲೆ ಓಡಿತು. ಅಷ್ಟು ಉದ್ದದ ಕಾಲು ಅದಕ್ಕೆ ಯಾಕಿತ್ತೆಂದು ನನಗೆ ಆಗ ತಿಳಿಯಿತು. ಒಂದು ಸಲವೂ ಹಿಂದೆ ನೋಡಲಿಲ್ಲ. ನನಗೆ ಕೋಪ ಬಂತು, ಅಳುವೂ ಬಂತು. ಇವರ ಮುಖವನ್ನಾದರೂ ತಿರುಗಿ ನೋಡಬಾರದೇ, ದರಿದ್ರದ್ದು!

ನಮ್ಮವರು ಕಣ್ಣೀರು ಸುರಿಸುತ್ತಾ ನಗುತ್ತಿದ್ದರು.

"ನೋಡೇ, ನೋಡೇ ಅದರ ಓಟ!" ಎಂದರು. ಆಮೇಲೆ ಮೆಲ್ಲಗೆ, "ಸರಿ ಮಾಡಿದ್ನಾ?" ಎಂದು ಕೇಳಿದರು.

"ಸರಿಯಾಗೇ ಮಾಡಿದ್ರಿ," ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ, ಗೇಟು ಮುಚ್ಚುತ್ತಿದ್ದ ಆ ಹೆಂಗಸೂ ತಿರುಗಿ ನೋಡಿದರು.